‘ನೀವು ಹೇಳ್ದಂಗೇ ಆಗ್ಲಿ’

ಕನ್ನಡದಲ್ಲಿ ಗಂಡ-ಹೆಂಡತಿಯ ಲೆಕ್ಕಾಚಾರವೆಲ್ಲ ಎರಡು ಸಣ್ಣ ಪದಗಳಲ್ಲಿ ಅಡಗಿ ಕೂತಿದೆ: ನೀನು, ನೀವು. ನಮ್ಮಜ್ಜಿ ತಾತನಿಗೆ ಒಂದು ದಿನವೂ ‘ನೀನು’ ಅಂದದ್ದಿಲ್ಲ. ತಾತ ಅಜ್ಜಿಗೆ ಒಂದು ದಿನವೂ ‘ನೀವು’ ಅಂದದ್ದಿಲ್ಲ. ಅಮ್ಮ ಅಪ್ಪನನ್ನು ಕರೆಯೋದು ‘ರೀ’, ಅಪ್ಪ ಅಮ್ಮನನ್ನು ಕರೆಯೋದು ‘ಇವಳೇ’. ನಾನೂ ನನ್ನ ಗಂಡನೂ ಮದುವೆಗೆ ಮುಂಚೆಯೇ ‘ನೀನು’ ಅಂತ ಶುರು ಮಾಡಿದವರು. ಆದರೆ ತಿಪಟೂರು ಹತ್ತಿರದ ಅವರ ಊರಿಗೆ ಹೋದಾಗ, ಕಾರಿನಿಂದ ಇಳಿದು ಅಂಗಳ ದಾಟುವಷ್ಟರಲ್ಲಿ ನನ್ನ ನಾಲಿಗೆ ತಾನಾಗಿ ‘ನೀವು’ಗೆ ತಿರುಗಿರುತ್ತೆ. ಯಾರೂ ಹೇಳಿಕೊಟ್ಟಿದ್ದಲ್ಲ. ಗಂಡನ ನಾಲಿಗೆಗೆ ಆ ತೊಂದರೆ ಇಲ್ಲ. ಅದು ಎರಡೂ ಊರಲ್ಲಿ ‘ನೀನು’ ಅಂತಲೇ ಇರುತ್ತೆ. ಈ ಅಂಕಣವನ್ನು ತಪ್ಪದೆ ಓದುವ ನಮ್ಮಮ್ಮ ‘ಗಂಡನಿಗೆ ಅವನು ಇವನು ಅಂತ ಬರೀಬೇಡ ಕಣೇ, ಜನ ಏನಂದ್ಕೋತಾರೆ’ ಅಂದಿರುವುದರಿಂದ ಇಲ್ಲೂ ‘ಅವರು’ ಅಂತಲೇ ಬರೀತೀನಿ. ಯಾರ ಮಾತು ಎಲ್ಲಿ ನಡೆಯುತ್ತೆ ಅನ್ನೋದಕ್ಕೆ ಮೊದಲನೇ ಉದಾಹರಣೆ ಇದೇ ಇರಲಿ.

ಈ ಸಲ ಬರೆಯಬೇಕು ಅನ್ಸಿದ್ದು ಅದರ ಬಗ್ಗೆಯೇ. ಮನೆಯಲ್ಲಿ ಒಬ್ಬರು ಹೇಳೋರು, ಇನ್ನೊಬ್ಬರು ಹೂಂ ಅನ್ನೋರು. ನಮ್ಮ ಮನೆಯಲ್ಲಿ ಹೂಂ ಅನ್ನೋಳು ನಾನು.

ಆಫೀಸಿನಲ್ಲಿ ಹಾಗಲ್ಲ. ಆರು ಜನರ ತಂಡಕ್ಕೆ ನಾನು ಲೀಡ್. ಈ ರಿಲೀಸ್ ಇವತ್ತು ಹೋಗಬೇಕಾ ಬೇಡವಾ, ಯಾವ ಬಗ್ ಮೊದಲು, ಯಾರ ರಜೆ ಯಾವ ವಾರ, ರಾತ್ರಿ ಎರಡಕ್ಕೆ ಅಲರ್ಟ್ ಬಂದರೆ ಯಾರನ್ನು ಎಬ್ಬಿಸಬೇಕು, ಎಲ್ಲ ನನ್ನ ತಲೆ ಮೇಲೆ. ಸಂಜೆ ಏಳಕ್ಕೆ ಲ್ಯಾಪ್‌ಟಾಪ್ ಮುಚ್ಚಿದಾಗ ಇನ್ನೊಂದೇ ಒಂದು ನಿರ್ಧಾರ ಮಾಡು ಅಂದರೂ ಅಳು ಬರುತ್ತೆ. ಆ ಹೊತ್ತಿಗೆ ಪೀಣ್ಯದ ಫ್ಯಾಕ್ಟರಿಯಿಂದ ಬಂದವರು ‘ಇವತ್ತು ಚಪಾತಿ, ನಾನೇ ಲಟ್ಟಿಸ್ತೀನಿ, ನೀನು ಸುಮ್ನೆ ಕೂತ್ಕೋ’ ಅಂದರೆ ಅದರಂಥ ಸುಖ ಇನ್ನೊಂದಿಲ್ಲ. ಯಾವ ಇನ್ಶೂರೆನ್ಸ್, ಯಾವ ಫ್ರಿಡ್ಜ್, ದಸರಾ ರಜೆಗೆ ಮಡಿಕೇರಿಯೋ ಊರೋ, ಎಲ್ಲ ಅವರೇ ನೋಡ್ಕೋತಾರೆ. ಚೆನ್ನಾಗಿಯೇ ನೋಡ್ಕೋತಾರೆ. ಅವರಿಗೆ ಹೇಳೋದು ಇಷ್ಟ, ನನಗೆ ಕೇಳೋದು ಇಷ್ಟ.

ಇದನ್ನು ಗೆಳತಿಯರ ಮುಂದೆ ಹೇಳಿದರೆ ‘ಇಷ್ಟು ಓದಿದ್ದು ಇದಕ್ಕಾ?’ ಅಂತ ಮುಖ ನೋಡ್ತಾರೆ. ನೆಂಟರ ಮುಂದೆ ಹೇಳಿದರೆ ‘ನೋಡಿ, ಎಷ್ಟು ಸಂಬಳ ಬಂದ್ರೂ ಹೆಂಗಿದಾಳೆ’ ಅಂತ ಖುಷಿ ಪಡ್ತಾರೆ. ಮೊದಲನೆಯದಕ್ಕಿಂತ ಈ ಎರಡನೆಯದೇ ನನಗೆ ಜಾಸ್ತಿ ಚುಚ್ಚೋದು. ಯಾಕಂದರೆ ನೆಂಟರು ಹೊಗಳುತ್ತಿರುವುದು ನನ್ನ ಇಷ್ಟವನ್ನಲ್ಲ, ನನ್ನ ತರಬೇತಿಯನ್ನು.

ಪ್ರಶ್ನೆ ಹುಟ್ಟಿದ್ದು ಅಲ್ಲಿಂದ. ಬಗ್ಗೋದು ನನಗೆ ನಿಜವಾಗಲೂ ಇಷ್ಟವಾ, ಅಥವಾ ಬಗ್ಗಿ ಬಗ್ಗಿ ಬೆನ್ನಿಗೆ ಅದೇ ಅಭ್ಯಾಸವಾಗಿದೆಯಾ? ಸುಲಭಕ್ಕೆ ಉತ್ತರ ಸಿಗಲ್ಲ. ನಮ್ಮ ಕಡೆ ಒಳ್ಳೆ ಹುಡುಗಿ ಅಂದರೆ ಹೇಳಿದ್ದು ಕೇಳೋ ಹುಡುಗಿ. ಪಿಯುಸಿಯಲ್ಲಿ ಸೈನ್ಸ್ ತಗೋ ಅಂದ್ರು, ತಗೊಂಡೆ. ಕಂಪ್ಯೂಟರ್ ಸೈನ್ಸೇ ಇರಲಿ ಅಂದ್ರು, ಆಯ್ತು. ಹಾಸ್ಟೆಲ್ ಗೇಟು ಏಳಕ್ಕೆ ಮುಚ್ಚುತ್ತಿತ್ತು, ಹುಡುಗರದ್ದು ಮುಚ್ಚುತ್ತಲೇ ಇರಲಿಲ್ಲ, ಅದಕ್ಕೂ ಆಯ್ತು. ಅಪ್ಪ ಒಳ್ಳೆಯವರು, ಪ್ರತಿ ಸಲವೂ ‘ಏನಂತೀಯಮ್ಮ?’ ಅಂತ ಕೇಳೋರು. ಆದರೆ ಫಾರಂ ಅಷ್ಟರಲ್ಲೇ ತುಂಬಿ ಟೇಬಲ್ ಮೇಲೆ ಇರೋದು. ಹೀಗೆ ಬೆಳೆದವಳು ಮೂವತ್ತನೇ ವಯಸ್ಸಿಗೆ ‘ನನಗೆ ಹೂಂ ಅನ್ನೋದೇ ಇಷ್ಟ’ ಅಂದರೆ, ಆ ಮಾತನ್ನು ನಾನೇ ಎಷ್ಟು ನಂಬಬೇಕು?

ನಮ್ಮಜ್ಜಿ ವಿಷಯ ಹೇಳ್ತೀನಿ. ಅವಳ ಬಾಯಲ್ಲಿ ಯಾವಾಗಲೂ ಒಂದೇ ಮಾತು, ‘ಅವರು ಹೇಳ್ದಂಗೇ ಆಗ್ಲಿ.’ ಆದರೆ ಅಡಿಕೆ ಯಾವಾಗ ಮಾರಬೇಕು, ಯಾವ ಮಗಳಿಗೆ ಯಾವ ಸಂಬಂಧ, ಯಾವ ಸಾಲ ಮೊದಲು ತೀರಿಸಬೇಕು ಅನ್ನೋದೆಲ್ಲ ಕೊನೆಗೆ ಅವಳು ಅಂದುಕೊಂಡ ಹಾಗೇ ಆಗೋದು. ರಾತ್ರಿ ಎಲೆ ಅಡಿಕೆ ಮಡಿಸಿಕೊಡುವಾಗ ಒಂದು ಮಾತು ಬಿತ್ತುವುದು, ವಾರದ ಮೇಲೆ ಅದೇ ಮಾತು ತಾತನ ಬಾಯಿಂದ ಅವರದೇ ಯೋಚನೆಯಾಗಿ ಹೊರಗೆ ಬರುವುದು. ಸಾಸಿವೆ ಡಬ್ಬಿಯಲ್ಲಿ ಪುಡಿಗಾಸು ಬೇರೆ. ಊರವರೆಲ್ಲ ‘ಆ ಮನೇಲಿ ಹೆಂಗ್ಸೇ ಗಟ್ಟಿ’ ಅಂತ ಮೆಚ್ಚೋರು. ನನಗೆ ಆ ಮೆಚ್ಚುಗೆ ಇಷ್ಟವಾಗಲ್ಲ. ಅಜ್ಜಿ ಜಾಣೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಷ್ಟು ಜಾಣತನ ಖರ್ಚಾದದ್ದು ತನಗೆ ಏನು ಬೇಕು ಅನ್ನೋದನ್ನು ನೇರವಾಗಿ ಹೇಳುವ ಹಾಗಿಲ್ಲದ್ದರಿಂದ. ಕದ್ದು ನಡೆಸಿದ ಯಜಮಾನಿಕೆಯನ್ನು ಯಜಮಾನಿಕೆ ಅಂತ ಕರೆದು ನಾವು ಸಮಾಧಾನ ಮಾಡ್ಕೋತೀವಿ, ಅಷ್ಟೇ.

ಬಗ್ಗುವುದರ ಒಳಗೇ ಪ್ರಶ್ನೆ ಕೇಳಿದವರೂ ನಮ್ಮಲ್ಲಿ ಇದ್ದಾರೆ. 17ನೇ ಶತಮಾನದ ಕೊನೆಯ ಹೊತ್ತಿಗೆ ಮೈಸೂರಿನಲ್ಲಿ, ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆ ಅಡಿಕೆ ಸಂಚಿಯ ಊಳಿಗದಲ್ಲಿದ್ದ ಹೊನ್ನಮ್ಮ ‘ಹದಿಬದೆಯ ಧರ್ಮ’ ಬರೆದರು. ಹದಿಬದೆ ಅಂದರೆ ಪತಿವ್ರತೆ. ಹೆಸರೇ ಹೇಳುವಂತೆ ಹೆಂಡತಿ ಹೇಗಿರಬೇಕು, ಗಂಡನಿಗೆ ಹೇಗೆ ನಡೆದುಕೊಳ್ಳಬೇಕು ಅನ್ನೋ ಪುಸ್ತಕ. ಆದರೆ ಅದೇ ಪುಸ್ತಕದ ನಡುವೆ ಹೆಣ್ಣು ಅಂತ ಕೀಳಾಗಿ ಕಾಣುವವರನ್ನು ನಿಲ್ಲಿಸಿ ಕೇಳುವ ಪದ್ಯಗಳೂ ಇವೆ. ಕಾಲೇಜಿನಲ್ಲಿ ಕನ್ನಡ ಲೆಕ್ಚರರ್ ಅದನ್ನು ಪಾಠ ಮಾಡಿದಾಗ ‘ಇದೇನು, ಎರಡು ದೋಣಿ ಮೇಲೆ ಕಾಲು’ ಅನ್ನಿಸಿತ್ತು. ಈಗ ಹಾಗನ್ನಿಸಲ್ಲ. ಸಂಚಿ ಹಿಡಿದು ನಿಂತವಳಿಗೂ ತಾನು ಯಾಕೆ ನಿಂತಿದೀನಿ ಅಂತ ಕೇಳ್ಕೊಳ್ಳೋ ಹಕ್ಕಿದೆ.

ಇನ್ನು ಮುಂದಿನ ಮಾತಿಗೆ ಕೆಲವರು ಹುಬ್ಬೇರಿಸಬಹುದು. ಒಂದು ರಾತ್ರಿ ಆನ್‌ಕಾಲ್ ಇದ್ದೆ. ಒಂದು ದೊಡ್ಡ ಜಾಬ್ ಓಡ್ತಾ ಇತ್ತು, ಮುಗಿಯೋ ತನಕ ಮಲಗೋ ಹಾಗಿಲ್ಲ. ಹಾಗೇ ಓದ್ತಾ ಓದ್ತಾ, ಡಾಮಿನೆಂಟ್, ಸಬ್‌ಮಿಸಿವ್ ಅಂತ ಬಾಯಿಬಿಟ್ಟು ಪಾತ್ರ ಹಂಚಿಕೊಂಡು ಬದುಕುವ ಜೋಡಿಗಳ ಬಗ್ಗೆ ಓದಿದೆ. ಒಬ್ಬರು ಆಳೋರು, ಒಬ್ಬರು ಅಧೀನರಾಗಿ ಇರೋರು. ಕೆಲವರಿಗೆ ಅದು ಮಲಗುವ ಕೋಣೆಯ ಮಟ್ಟಿಗೆ, ಕೆಲವರಿಗೆ ದಿನದ ಬದುಕಿಗೇ. ಸಿನಿಮಾಗಳಲ್ಲಿ ತೋರಿಸೋ ಚಾವಟಿ, ಚರ್ಮದ ಬಟ್ಟೆ ಅಷ್ಟೇ ನನಗೂ ಗೊತ್ತಿದ್ದದ್ದು. ಓದಿದ ಮೇಲೆ ನನ್ನನ್ನು ಹಿಡಿದು ಕೂರಿಸಿದ್ದು ಚಾವಟಿಯಲ್ಲ, ಅದಕ್ಕೆ ಮುಂಚೆ ನಡೆಯುವ ಮಾತುಕತೆ.

ಅವರಲ್ಲಿ ಇದನ್ನು ಸರಿಯಾಗಿ ಮಾಡುವವರು ಮೊದಲು ಕೂತು ಮಾತಾಡ್ತಾರಂತೆ. ಯಾವುದಕ್ಕೆ ಒಪ್ಪಿಗೆ, ಯಾವುದಕ್ಕೆ ಖಂಡಿತ ಇಲ್ಲ, ಯಾವುದನ್ನು ಕೇಳಿ ಮಾಡಬೇಕು. ನಿಲ್ಲಿಸೋದಕ್ಕೆ ಒಂದು ಪದ ಇಟ್ಟುಕೊಂಡಿರ್ತಾರೆ. ಎಷ್ಟೋ ಜನ ಟ್ರಾಫಿಕ್ ಸಿಗ್ನಲ್ಲನ್ನೇ ಬಳಸ್ತಾರೆ: ಹಸಿರು ಅಂದರೆ ಸರಿ, ಹಳದಿ ಅಂದರೆ ನಿಧಾನ, ಕೆಂಪು ಅಂದರೆ ಅಲ್ಲಿಗೇ ನಿಂತಿತು. ಆ ಪದ ಕೇಳಿದ ಮೇಲೂ ನಿಲ್ಲಿಸದವನನ್ನು ಅವರ ಲೋಕದಲ್ಲಿ ಯಾರೂ ‘ಗಂಡಸು’ ಅಂತ ಮೆಚ್ಚಲ್ಲ, ದೂರ ಇಡ್ತಾರೆ. ಎಲ್ಲ ಮುಗಿದ ಮೇಲೆ ಒಬ್ಬರನ್ನೊಬ್ಬರು ವಿಚಾರಿಸಿಕೊಳ್ಳುವುದಕ್ಕೂ ಒಂದು ಹೆಸರಿದೆ, ಆಫ್ಟರ್‌ಕೇರ್. ಇದು ಕಾಯಿಲೆಯಾ ಅಂತ ಕೇಳೋರಿಗೆ: ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ತಂದ ಡಿಎಸ್‌ಎಂ-5 ಕೈಪಿಡಿಯ ಪ್ರಕಾರ, ಒಪ್ಪಿಗೆ ಇರುವ ದೊಡ್ಡವರ ನಡುವೆ ಇಂಥ ಆಸಕ್ತಿ ಇದೆ ಅಂದ ಮಾತ್ರಕ್ಕೆ ಅದು ಕಾಯಿಲೆಯಲ್ಲ, ಅದರಿಂದ ಅವರಿಗೇ ಸಂಕಟವಾದರೆ, ಅಥವಾ ಒಪ್ಪದವರಿಗೆ ತೊಂದರೆಯಾದರೆ ಆಗ ಬೇರೆ ಮಾತು.

ಅಲ್ಲಿ ಎಲ್ಲರೂ ಹಾಗೇ ನಡ್ಕೋತಾರೆ ಅಂತ ನಾನು ಹೇಳ್ತಿಲ್ಲ. ಪಾತ್ರ ಅನ್ನೋ ಹೆಸರಲ್ಲಿ ಹಿಂಸೆ ಮಾಡುವವರು ಅಲ್ಲೂ ಇದ್ದಾರೆ. ನಾವಿಬ್ಬರೂ ನಾಳೆಯಿಂದ ಆ ದಾರಿ ಹಿಡೀತೀವಿ ಅಂತಲೂ ಅಲ್ಲ, ಅಮ್ಮ ಗಾಬರಿ ಆಗೋದು ಬೇಡ. ನನ್ನನ್ನು ಅಲ್ಲಾಡಿಸಿದ್ದು ಇಷ್ಟು: ನಾವು ಅಸಹ್ಯ ಅಂತ ಮುಖ ತಿರುಗಿಸುವ ಆ ಸಂಬಂಧದಲ್ಲಿ ‘ನಿನಗೆ ಇದು ಬೇಕಾ?’ ಅಂತ ಎಷ್ಟು ಸಲ ಕೇಳ್ತಾರೋ, ಮಂಗಳವಾದ್ಯ ಊದಿಸಿ, ಎಂಟುನೂರು ಜನಕ್ಕೆ ಊಟ ಹಾಕಿ ಕೂಡಿಸಿದ ನಮ್ಮ ಮದುವೆಗಳಲ್ಲಿ ಅಷ್ಟು ಸಲ ಕೇಳಿದ್ದನ್ನು ನಾನು ನೋಡಿಲ್ಲ. ಅಲ್ಲಿ ಬಗ್ಗಿದವರ ಕೈಯಲ್ಲಿ ಬ್ರೇಕ್ ಇದೆ. ನಮ್ಮಲ್ಲಿ ಬಗ್ಗಿದವಳಿಗೆ ಹೊಗಳಿಕೆ ಇದೆ, ಬ್ರೇಕ್ ಇಲ್ಲ. ಕಾನೂನಿನಲ್ಲೂ ಒಂದು ಕಡೆ ಹಾಗೇ ಇದೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 63ನೇ ಕಲಂನಲ್ಲಿ, ಹೆಂಡತಿಗೆ 18 ತುಂಬಿದ್ದರೆ ಗಂಡನ ಬಲವಂತ ಅತ್ಯಾಚಾರದ ಲೆಕ್ಕಕ್ಕೆ ಬರಲ್ಲ ಅನ್ನೋ ವಿನಾಯಿತಿ ಹಳೆ ಕಾನೂನಿಂದ ಹಾಗೇ ಮುಂದುವರಿದಿದೆ. 2022ರ ಮಾರ್ಚ್‌ನಲ್ಲಿ ನಮ್ಮ ಹೈಕೋರ್ಟು ಅಂಥ ಒಂದು ಮೊಕದ್ದಮೆಯಲ್ಲಿ ಗಂಡನ ಮೇಲಿನ ಆರೋಪ ಕೈಬಿಡಲು ಒಪ್ಪಲಿಲ್ಲ. ಆಮೇಲೆ ಸುಪ್ರೀಂ ಕೋರ್ಟು ಅದಕ್ಕೆ ತಡೆ ಕೊಟ್ಟಿತು. ಮದುವೆಯ ದಿನ ಅಂದ ಒಂದು ಹೂಂ ಜೀವನಪೂರ್ತಿ ಸಾಕು ಅನ್ನೋ ನಂಬಿಕೆ ಎಷ್ಟು ಗಟ್ಟಿ ನೋಡಿ.

ನಾನು ಎಂಜಿನಿಯರಾದ್ದರಿಂದ ಎಲ್ಲಕ್ಕೂ ಮೆಷಿನ್ ಹೋಲಿಕೆ ಹುಡುಕೋ ಚಟ. ಲಾಜಿಕ್ ಡಿಸೈನ್ ಓದಿದವರೆಲ್ಲ ಮಾಸ್ಟರ್-ಸ್ಲೇವ್ ಫ್ಲಿಪ್‌ಫ್ಲಾಪ್ ಚಿತ್ರ ಬರೆದವರೇ. ಡೇಟಾಬೇಸ್‌ನಲ್ಲೂ ಅದೇ ಹೆಸರು: ಮಾಸ್ಟರ್ ಬರೆದದ್ದನ್ನು ಸ್ಲೇವ್ ನಕಲು ಮಾಡಬೇಕು. ಒಡೆಯ, ಗುಲಾಮ. ನಾಲ್ಕು ವರ್ಷದ ಡಿಗ್ರಿಯಲ್ಲಿ ಒಬ್ಬರೂ ಈ ಹೆಸರು ಯಾಕೆ ಅಂತ ಕೇಳಿರಲಿಲ್ಲ. 2018ರಲ್ಲಿ ಪೈಥಾನ್ ಭಾಷೆಯವರು ಆ ಪದಗಳನ್ನು ತೆಗೆಯಲು ಶುರು ಮಾಡಿದರು, 2020ರ ಅಕ್ಟೋಬರ್‌ನಿಂದ ಗಿಟ್‌ಹಬ್‌ನಲ್ಲಿ ಹೊಸ ಪ್ರಾಜೆಕ್ಟಿನ ಮೊದಲ ಬ್ರಾಂಚು ‘ಮಾಸ್ಟರ್’ ಹೋಗಿ ‘ಮೇನ್’ ಆಯಿತು. ಹೆಸರು ಬದಲಾದರೆ ಏನು ಬಂತು ಅಂತ ಆಫೀಸಿನಲ್ಲಿ ಜಗಳವೇ ಆಯ್ತು. ನನಗೆ ಹೆಸರಿಗಿಂತ ಒಳಗಿನ ವ್ಯವಸ್ಥೆ ಮುಖ್ಯ ಅನ್ಸುತ್ತೆ. 2014ರಲ್ಲಿ ಬಂದ ರಾಫ್ಟ್ ಅನ್ನೋ ಪದ್ಧತಿಯಲ್ಲಿ ಹಲವು ಸರ್ವರ್‌ಗಳು ಸೇರಿ ಒಂದನ್ನು ಲೀಡರ್ ಅಂತ ಆರಿಸ್ತವೆ, ಉಳಿದವು ಅದು ಹೇಳಿದ್ದನ್ನು ಕೇಳ್ತವೆ. ಆದರೆ ಆ ಲೀಡರಿಕೆಗೆ ಒಂದು ಅವಧಿ ಇದೆ. ಲೀಡರ್ ಆಗಾಗ ‘ಇದ್ದೀನಿ’ ಅಂತ ಒಂದು ಸುದ್ದಿ ಕಳಿಸ್ತಲೇ ಇರಬೇಕು, ಅದನ್ನು ಹಾರ್ಟ್‌ಬೀಟ್ ಅಂತೀವಿ. ಕ್ಷಣದ ಮೂರನೇ ಒಂದು ಭಾಗದಷ್ಟು ಹೊತ್ತು ಸುದ್ದಿ ಬರಲಿಲ್ಲವೋ, ಸುಮ್ಮನೆ ಕೇಳ್ತಾ ಕೂತಿದ್ದ ಸರ್ವರ್ ಎದ್ದು ‘ಹಾಗಾದರೆ ನಾನು ನಿಲ್ತೀನಿ’ ಅಂತ ಚುನಾವಣೆ ಕರೆಯುತ್ತೆ. ಕೇಳುವವನಿಗೆ ಎದ್ದು ನಿಲ್ಲುವ ಶಕ್ತಿ ಯಾವಾಗಲೂ ಇರುತ್ತೆ. ಕೇಳ್ತಿರೋದು ಅದು ಇದ್ದೂ. ಸಂಸಾರಕ್ಕೆ ಈ ಹೋಲಿಕೆ ಪೂರ್ತಿ ಹೊಂದಲ್ಲ, ಗಂಡ ಸೆಕೆಂಡಿಗೆ ಮೂರು ಸಲ ಹಾರ್ಟ್‌ಬೀಟ್ ಕಳಿಸಿದರೆ ನಾನೇ ಬ್ಲಾಕ್ ಮಾಡ್ತೀನಿ. ಆದರೆ ನಾನು ಎದ್ದು ನಿಲ್ಲಬಲ್ಲೆನಾ ಅನ್ನೋ ಪ್ರಶ್ನೆ ಮಾತ್ರ ತಲೆಯಲ್ಲಿ ಉಳಿಯಿತು.

ಅದನ್ನು ಪರೀಕ್ಷೆ ಮಾಡುವ ಸಂದರ್ಭ ತಾನಾಗಿ ಬಂತು. ಹೋದ ವರ್ಷ ಅವರು ಒಂದು ಫ್ಲಾಟ್ ನೋಡಿಕೊಂಡು ಬಂದರು. ಎಪ್ಪತ್ತು ಲಕ್ಷ ಸಾಲ, ಎಂಟೂವರೆ ಪರ್ಸೆಂಟ್ ಬಡ್ಡಿ, ಇಪ್ಪತ್ತು ವರ್ಷ. ತಿಂಗಳಿಗೆ 60,700 ರೂಪಾಯಿ ಕಂತು. ಕೊನೆಗೆ ಕಟ್ಟುವ ಒಟ್ಟು ಹಣ ಒಂದು ಕೋಟಿ 45 ಲಕ್ಷ ದಾಟುತ್ತೆ. ನನ್ನದು ಕೋ-ಅಪ್ಲಿಕೆಂಟ್ ಸಹಿ. ಅವರು ಎಂದಿನಂತೆ ಎಲ್ಲ ವಿಚಾರಿಸಿ, ಎಂದಿನಂತೆ ಚೆನ್ನಾಗಿ ವಿವರಿಸಿ, ಪೆನ್ನು ಮುಂದಿಟ್ಟರು. ನನಗೆ ಅಪ್ಪನ ಟೇಬಲ್ ನೆನಪಾಯ್ತು. ‘ಬೇಡ’ ಅಂದೆ.

ಫ್ಲಾಟ್ ಚೆನ್ನಾಗಿಲ್ಲ ಅಂತಲ್ಲ. ಆ ಕಂತಿಗೆ ನಮ್ಮಿಬ್ಬರ ಸಂಬಳವೂ ಬೇಕು. ಅಂದರೆ ಇಪ್ಪತ್ತು ವರ್ಷ ನಾನು ಕೆಲಸ ಬಿಡೋ ಹಾಗಿಲ್ಲ, ಮ್ಯಾನೇಜರ್ ಏನೇ ಅಂದರೂ ಹೂಂ ಅನ್ನಬೇಕು. ಮನೆಯಲ್ಲಿ ಹೂಂ ಅನ್ನೋದು ನನಗೆ ವಿಶ್ರಾಂತಿ ಆಗಿರೋದೇ ಆಫೀಸಿನಲ್ಲಿ ಉಹೂಂ ಅನ್ನೋ ಧೈರ್ಯ ಇರೋದರಿಂದ. ಇದನ್ನೆಲ್ಲ ಅಷ್ಟು ಚೆನ್ನಾಗಿ ಅವತ್ತು ಹೇಳಲಿಲ್ಲ. ‘ಬೇಡ, ಈಗ ಬೇಡ’ ಅಂದೆ, ಅಷ್ಟೇ.

ಮೂರು ದಿನ ಮನೆಯಲ್ಲಿ ಕುಕ್ಕರ್ ಸೀಟಿ ಬಿಟ್ಟರೆ ಬೇರೆ ಸದ್ದಿಲ್ಲ. ನಾಲ್ಕನೇ ದಿನ ರಾತ್ರಿ ಅವರು ಕೇಳಿದರು, ‘ಇಷ್ಟು ವರ್ಷ ಎಲ್ಲಕ್ಕೂ ಹೂಂ ಅಂದ್ಯಲ್ಲ. ಆವಾಗೆಲ್ಲ ನಿಂಗೆ ಇಷ್ಟ ಇರ್ಲಿಲ್ವಾ?’

ಸಿಟ್ಟಲ್ಲಿ ಕೇಳಿದ್ದಲ್ಲ. ಹೆದರಿಕೆಯಲ್ಲಿ ಕೇಳಿದ್ದು. ಒಂದು ಬೇಡ ಹಿಂದಿನ ಅಷ್ಟೂ ಹೂಂಗಳ ಮೇಲೆ ಅನುಮಾನ ಹುಟ್ಟಿಸಿಬಿಟ್ಟಿತ್ತು. ಹೇಳೋರ ಕಷ್ಟ ನನಗೆ ಕಂಡಿದ್ದು ಆವಾಗಲೇ. ಅವರು ಎಲ್ಲವನ್ನೂ ಹೊತ್ತುಕೊಂಡಿದ್ದು ನಾನು ಖುಷಿಯಾಗಿದೀನಿ ಅನ್ನೋ ನಂಬಿಕೆ ಮೇಲೆ. ಫ್ರಿಡ್ಜ್ ಕೆಟ್ಟರೆ ಅವರ ಆಯ್ಕೆ, ಮಡಿಕೇರಿಯಲ್ಲಿ ಮಳೆ ಬಂದರೆ ಅವರ ಆಯ್ಕೆ. ‘ತಪ್ಪಾದ್ರೆ ನಂದೇ ತಪ್ಪು, ಸರಿಯಾದ್ರೆ ಯಾರದೂ ಅಲ್ಲ, ಗೊತ್ತಾ?’ ಅಂದರು. ಯಜಮಾನ ಅನ್ನಿಸಿಕೊಳ್ಳೋದು ಗಂಡಸರಿಗೆ ಹುಟ್ಟಿನಿಂದ ಬಂದ ಆಸ್ತಿ ಅಂದ್ಕೊಂಡಿರ್ತೀವಿ. ಅವರಿಗೂ ಯಾರೂ ‘ನಿನಗೆ ಇದು ಬೇಕಾ?’ ಅಂತ ಕೇಳಿರಲ್ಲ.

ನಾನು ಸುಳ್ಳು ಹೇಳಲಿಲ್ಲ. ‘ಹೆಚ್ಚಿನದು ಇಷ್ಟ ಇತ್ತು. ಕೆಲವು ಇರಲಿಲ್ಲ. ಕೆಲವು ನನಗೇ ಗೊತ್ತಿಲ್ಲ’ ಅಂದೆ. ಮೂರನೆಯದೇ ಅವರಿಗೆ ನುಂಗೋಕೆ ಕಷ್ಟವಾದದ್ದು. ಅರ್ಧ ರಾತ್ರಿ ತನಕ ಮಾತಾಡಿದೆವು, ಜಗಳವೂ ಆಡಿದೆವು.

ಅದಾದ ಮೇಲೆ ಆಫೀಸಿನ ಒಂದು ಆಟ ಮನೆಗೆ ತಂದೆ. ಪ್ಲಾನಿಂಗ್ ಪೋಕರ್ ಅಂತ. ಒಂದು ಕೆಲಸಕ್ಕೆ ಎಷ್ಟು ದಿನ ಬೇಕು ಅಂತ ಅಂದಾಜು ಮಾಡುವಾಗ ಎಲ್ಲರೂ ತಮ್ಮ ಸಂಖ್ಯೆಯ ಕಾರ್ಡು ಮಗುಚಿ ಇಟ್ಟು ಒಟ್ಟಿಗೇ ತಿರುಗಿಸಬೇಕು. ಯಾಕೆ ಅಂದರೆ ಸೀನಿಯರ್ ಮೊದಲು ಬಾಯಿಬಿಟ್ಟು ‘ಮೂರು ದಿನ’ ಅಂದರೆ, ಎಂಟು ದಿನ ಬೇಕು ಅಂತ ಗೊತ್ತಿದ್ದ ಹೊಸ ಹುಡುಗನೂ ‘ಹೌದು, ಮೂರು’ ಅಂತಾನೆ. ಅವನು ಸುಳ್ಳು ಹೇಳ್ತಿರಲ್ಲ. ಆ ಕ್ಷಣಕ್ಕೆ ಅವನಿಗೆ ಮೂರೇ ಅನ್ನಿಸಿರುತ್ತೆ. ದೊಡ್ಡವರ ಮಾತು ಚಿಕ್ಕವರ ತಲೆಯೊಳಗೆ ಹೋಗಿ ಅವರದೇ ಅಭಿಪ್ರಾಯ ಆಗಿಬಿಡುತ್ತೆ. ನಾವೂ ಹಾಗೇ ಮಾಡಿದೆವು. ಮನೆ ಯಾವಾಗ ಕೊಳ್ಳೋದು, ತಿಂಗಳ ಕಂತು ಎಷ್ಟಿದ್ದರೆ ನಿದ್ದೆ ಬರುತ್ತೆ, ಬೇರೆ ಬೇರೆ ಚೀಟಿಯಲ್ಲಿ ಬರೆದು ಒಟ್ಟಿಗೆ ತೆಗೆದೆವು. ಅವರ ಚೀಟಿಯಲ್ಲಿ ‘ಈ ವರ್ಷ’, ನನ್ನದರಲ್ಲಿ ‘ಮೂರು ವರ್ಷ ಬಿಟ್ಟು’. ಕಂತಿನ ಜಾಗದಲ್ಲಿ ಮಾತ್ರ ಇಬ್ಬರೂ 40,000 ಅಂತ ಬರೆದಿದ್ದೆವು! ಅರವತ್ತು ಸಾವಿರದ ಫ್ಲಾಟಿಗೆ ಪೆನ್ನು ಹಿಡಿದು ಬಂದವರಿಗೇ ಅದು ಹೆಚ್ಚಾಗಿತ್ತು. ಹೆಂಡತಿ ಮುಂದೆ ಧೈರ್ಯವಾಗಿರಬೇಕು ಅನ್ನೋ ಪಾತ್ರ ಅವರನ್ನು ಅಷ್ಟು ದೂರ ತಳ್ಳಿಕೊಂಡು ಹೋಗಿತ್ತು.

ನಿಲ್ಲಿಸೋ ಪದವನ್ನೂ ಒಂದು ಇಟ್ಕೊಂಡೆವು. ‘ರೋಲ್‌ಬ್ಯಾಕ್’. ಹೊಸ ವರ್ಷನ್ ಹಾಕಿ ಸೈಟ್ ಬಿದ್ದಾಗ ನಾವು ಮೊದಲು ಹಳೆ ವರ್ಷನ್‌ಗೆ ಹಿಂದಕ್ಕೆ ಹೋಗ್ತೀವಿ, ಯಾರದು ತಪ್ಪು ಅನ್ನೋ ಚರ್ಚೆ ಆಮೇಲೆ. ಯಾರಾದರೂ ರೋಲ್‌ಬ್ಯಾಕ್ ಅಂದರೆ ಅವತ್ತಿಗೆ ಆ ವಿಷಯ ಬಂದ್, ಕಾರಣ ಕೇಳೋದು ಮಾರನೇ ದಿನ. ಈ ಒಂದು ವರ್ಷದಲ್ಲಿ ನಾಲ್ಕು ಸಲ ಬಳಕೆಯಾಗಿದೆ. ಮೂರು ಸಲ ನಾನು, ಒಂದು ಸಲ ಅವರು.

ಅವರು ಅಂದದ್ದು ನಮ್ಮತ್ತೆ ವಿಷಯಕ್ಕೆ. ಅತ್ತೆಗೆ ಕಣ್ಣಿನ ಪೊರೆ. ಬೆಂಗಳೂರಲ್ಲಿ ಡಾಕ್ಟರನ್ನು ಹುಡುಕಿ, ತಾರೀಕು ಹಾಕಿಸಿ, ಕ್ಯಾಬ್ ಬುಕ್ ಮಾಡಿ, ‘ಗುರುವಾರ ರೆಡಿಯಾಗಿರಿ ಅತ್ತೆ’ ಅಂದೆ. ಅತ್ತೆ ‘ನೀನು ಹೇಳ್ದಂಗೇ ಆಗ್ಲಿ ಕಣಮ್ಮ’ ಅಂದರು. ಫೋನ್ ಇಟ್ಟ ಮೇಲೆ ಅವರು ಅಂದರು, ರೋಲ್‌ಬ್ಯಾಕ್. ಡಾಕ್ಟರ್ ಒಳ್ಳೆಯವರೇ, ಅದು ನನಗೆ ಈಗಲೂ ಖಾತ್ರಿ. ಆದರೆ ಮಾರನೇ ದಿನ ನಾನೇ ಫೋನ್ ಮಾಡಿ ‘ಅತ್ತೆ, ನಿಮಗೆ ಹೇಗೆ ಅನುಕೂಲ?’ ಅಂತ ಕೇಳಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, ಕೊಬ್ಬರಿ ಸುಲಿಸೋದು ಮುಗಿಯಲಿ, ತುಮಕೂರಿನಲ್ಲಾದರೆ ತಂಗಿ ಮನೆ ಹತ್ತಿರ, ಅವಳು ಜೊತೆಗಿರ್ತಾಳೆ ಅಂತ ಒಂದೊಂದಾಗಿ ಬಂತು. ಎಲ್ಲ ಮೊದಲೇ ಯೋಚನೆ ಮಾಡಿ ಇಟ್ಟುಕೊಂಡಿದ್ದರು. ಯಾರೂ ಕೇಳಿರಲಿಲ್ಲ.

ಅತ್ತೆ ಕಾಗದದಲ್ಲಿ ಯಜಮಾನಿ. 2013ರ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ರೇಷನ್ ಕಾರ್ಡಿನಲ್ಲಿ 18 ದಾಟಿದ ಹಿರಿಯ ಹೆಂಗಸೇ ಕುಟುಂಬದ ಮುಖ್ಯಸ್ಥೆ. ನಮ್ಮ ರಾಜ್ಯದಲ್ಲಿ 2023ರ ಆಗಸ್ಟ್‌ನಲ್ಲಿ ಗೃಹಲಕ್ಷ್ಮಿ ಶುರುವಾದ ಮೇಲೆ ಆ ಯಜಮಾನಿಯ ಹೆಸರಿಗೆ ತಿಂಗಳಿಗೆ 2,000 ರೂಪಾಯಿ. ಅತ್ತೆಗೆ ಅದರ ಹೆಮ್ಮೆ ಇದೆ, ಇರಬೇಕಾದ್ದೇ. ಆದರೆ ದುಡ್ಡು ಬಂತು ಅನ್ನೋ ಮೆಸೇಜ್ ಬರೋದು ಮಾವನ ಫೋನಿಗೆ. ‘ಬಂತೇನ್ರೀ?’ ಅಂತ ಅತ್ತೆ ಕೇಳಿ ತಿಳ್ಕೋಬೇಕು. ಹೋದ ಯುಗಾದಿಗೆ ಊರಿಗೆ ಹೋದಾಗ ಅವರ ಹೆಸರಿಗೇ ಒಂದು ಸಿಮ್ ತಗೊಂಡು ಬ್ಯಾಂಕಿನಲ್ಲಿ ನಂಬರ್ ಬದಲಾಯಿಸೋಣವಾ ಅಂತ ಕೇಳಿದೆ. ಈ ಸಲ ಕೇಳಿಯೇ. ಅತ್ತೆ ‘ತಡಿ, ಯೋಚ್ನೆ ಮಾಡಿ ಹೇಳ್ತೀನಿ’ ಅಂದರು. ಇನ್ನೂ ಹೇಳಿಲ್ಲ. ಕಾಯ್ತಾ ಇದೀನಿ.

ಇಲ್ಲೊಂದು ಮಾತು ಬೇರೆಯಾಗಿ ಹೇಳಲೇಬೇಕು. ನಮ್ಮ ಮನೆಯಲ್ಲಿ ಬೇಡ ಅಂದಾಗ ಆದದ್ದು ಮೂರು ದಿನದ ಮೌನ. ಎಲ್ಲರ ಮನೆಯಲ್ಲೂ ಅಷ್ಟಕ್ಕೇ ನಿಲ್ಲಲ್ಲ ಅಂತ ನನಗೆ ಗೊತ್ತು. ಬೇಡ ಅಂದರೆ ಕೈ ಬೀಳುತ್ತೆ, ಎಟಿಎಂ ಕಾರ್ಡ್ ಕಿತ್ಕೋತಾರೆ, ತವರಿಗೆ ಫೋನ್ ಮಾಡೋಕೆ ಬಿಡಲ್ಲ ಅನ್ನೋ ಹೆದರಿಕೆಯಲ್ಲಿ ನೀವು ಹೂಂ ಅಂತಿದ್ದರೆ, ಅದು ಈ ಲೇಖನದಲ್ಲಿ ನಾನು ಹೇಳ್ತಿರೋ ಹೂಂ ಅಲ್ಲವೇ ಅಲ್ಲ. ಚೀಟಿ ಆಟ ಅಲ್ಲಿ ಕೆಲಸಕ್ಕೆ ಬರಲ್ಲ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ಹೊಡೆತ ಮಾತ್ರ ಅಲ್ಲ, ಬೈಗುಳ, ಹಣ ತಡೆಹಿಡಿಯೋದು ಕೂಡ ದೌರ್ಜನ್ಯವೇ. ಮಹಿಳಾ ಸಹಾಯವಾಣಿ ಸಂಖ್ಯೆ 181. ಬೇಕಾದವರು ಬರೆದಿಟ್ಟುಕೊಳ್ಳಿ, ಬೇಡದವರು ಪಕ್ಕದ ಮನೆಯವರಿಗಾಗಿ ನೆನಪಿಟ್ಟುಕೊಳ್ಳಿ.

ನನ್ನ ಮೊದಲಿನ ಪ್ರಶ್ನೆಗೆ, ಇಷ್ಟವಾ ಅಭ್ಯಾಸವಾ ಅನ್ನೋದಕ್ಕೆ, ಪೂರ್ತಿ ಉತ್ತರ ಸಿಕ್ಕಿಲ್ಲ. ಎರಡೂ ಕಲಸಿಹೋಗಿದೆ ಅನ್ಸುತ್ತೆ, ಹಾಲು ಸಕ್ಕರೆ ಹಾಗೆ, ಬೇರೆ ಮಾಡೋಕಾಗಲ್ಲ. ಈಗಲೂ ಹೆಚ್ಚಿನ ದಿನ ಸಂಜೆ ನಾನು ಹೂಂ ಅನ್ನೋಳೇ. ಆದರೆ ಒಂದು ವ್ಯತ್ಯಾಸ ನನಗೇ ಕೇಳಿಸುತ್ತೆ. ಕೆಲವು ಸಲ ‘ಹೂಂ, ನಂಗೂ ಅದೇ ಬೇಕು’ ಅಂತೀನಿ. ಕೆಲವು ಸಲ ‘ಹೂಂ, ನಿಂಗೋಸ್ಕರ’ ಅಂತೀನಿ. ಎರಡನೆಯದನ್ನು ಹಾಗಂತ ಬಾಯಿಬಿಟ್ಟು ಹೇಳೋಕೆ ಶುರು ಮಾಡಿದ ಮೇಲೆ ಅವರು ಅದಕ್ಕೆ ‘ಥ್ಯಾಂಕ್ಸ್’ ಅನ್ನೋಕೆ ಶುರು ಮಾಡಿದಾರೆ. ಮೊದಲು ಅನ್ತಿರಲಿಲ್ಲ, ಯಾಕಂದರೆ ಥ್ಯಾಂಕ್ಸ್ ಹೇಳಬೇಕಾದ್ದು ಏನೋ ನಡೆದಿದೆ ಅಂತಲೇ ಅವರಿಗೆ ಗೊತ್ತಾಗ್ತಿರಲಿಲ್ಲ. ಆಫೀಸಿನಲ್ಲೂ ನಾನು ಹೇಳಿದ್ದಕ್ಕೆಲ್ಲ ‘ಓಕೆ ಮೇಡಂ’ ಅನ್ನೋ ಒಬ್ಬ ಹುಡುಗ ಇದ್ದಾನೆ. ಬಹಳ ಒಳ್ಳೆ ಹುಡುಗ. ಈಚೆಗೆ ಅವನ ಓಕೆ ಕೇಳಿದಾಗಲೆಲ್ಲ ನನಗೆ ಏಳಕ್ಕೆ ಮುಚ್ಚುವ ಆ ಗೇಟು ನೆನಪಾಗುತ್ತೆ. ಮೀಟಿಂಗ್‌ನಲ್ಲಿ ಈಗ ಅವನದೇ ಮೊದಲ ಮಾತು, ನನ್ನದು ಕೊನೆಗೆ. ಮೊನ್ನೆ ಮೊದಲ ಸಲ ‘ಇದು ವರ್ಕ್ ಆಗಲ್ಲ ಮೇಡಂ’ ಅಂದ. ಆಗಲೂ ಇಲ್ಲ.

ಮನೆ ವಿಷಯ ಜನವರಿಗೆ ಮತ್ತೆ ತೆಗೀಬೇಕು ಅಂತ ಇಬ್ಬರೂ ಒಪ್ಪಿದ್ದೀವಿ, ಹೊಸ ಚೀಟಿ ಬರೆದು. ಆ ಫ್ಲಾಟಿನ ಬ್ರೋಕರ್ ಮಾತ್ರ ಬಿಟ್ಟಿಲ್ಲ, ವಾರಕ್ಕೊಂದು ಸಲ ಫೋನ್ ಮಾಡ್ತಾನೆ. ಇವರು ಪ್ರತಿ ಸಲವೂ ‘ಮನೆಯವರನ್ನ ಕೇಳಿ ಹೇಳ್ತೀನಿ’ ಅಂತಾರೆ. ಸಾಲ ಕೇಳಿದವರನ್ನೂ ಚಂದಾ ಕೇಳಿದವರನ್ನೂ ಸಾಗಹಾಕೋಕೆ ಗಂಡಸರು ಎಷ್ಟೋ ಕಾಲದಿಂದ ಹೇಳ್ತಾ ಬಂದಿರೋ ಮಾತು ಅದು. ಬ್ರೋಕರ್ ಅದನ್ನು ನಂಬಲ್ಲ. ‘ಸಾರ್, ಡಿಸಿಷನ್ ನಿಮ್ದೇ ಅಲ್ವಾ ಸಾರ್’ ಅಂತ ನಗ್ತಾನೆ.